ಅಕ್ಕಲಕೋಟೆಯ ಸುದ್ದಿಯನ್ನು ಅಕ್ಕಲಕೋಟೆಯ ಮಕ್ಕಳೇ ಹೇಳುವುದು ಯಾವಾಗ?

2022ರ ನವೆಂಬರ್-ಡಿಸೆಂಬರ್‌ನಲ್ಲಿ ಕನ್ನಡದ ಸುದ್ದಿ ಚಾನೆಲ್‌ಗಳನ್ನು ನೋಡುತ್ತಿದ್ದವರಿಗೆ ಅಕ್ಕಲಕೋಟೆ ಎಂಬ ಊರಿನ ಹೆಸರು ಇನ್ನೂ ನೆನಪಿರಬಹುದು. ಜತ್ತ, ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡ ಪ್ರದೇಶಗಳು ಕರ್ನಾಟಕಕ್ಕೆ ಸೇರಬೇಕು ಎಂದು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹೇಳಿದ್ದರು. ಮಹಾರಾಷ್ಟ್ರದ ಒಂದು ಹಳ್ಳಿಯೂ ಎಲ್ಲಿಗೂ ಹೋಗುವುದಿಲ್ಲ ಎಂದು ಅಲ್ಲಿನ ಉಪಮುಖ್ಯಮಂತ್ರಿ ದೇವೇಂದ್ರ ಫಡ್ನವಿಸ್ ಉತ್ತರಿಸಿದ್ದರು. ಡಿಸೆಂಬರ್ 6ರಂದು ಬೆಳಗಾವಿಯ ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರದ ವಾಹನಗಳಿಗೆ ಕಲ್ಲು ಬಿತ್ತು. ಅದೇ ದಿನ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿಯಲಾಯಿತು. ಎರಡೂ ರಾಜ್ಯಗಳ ಚಾನೆಲ್‌ಗಳಿಗೆ ವಾರಗಟ್ಟಲೆ ಕೆಲಸ ಸಿಕ್ಕಿತು.

ಆದರೆ ಆ ಚರ್ಚೆಗಳಲ್ಲಿ ಅಕ್ಕಲಕೋಟೆಯವರು ಎಷ್ಟು ಮಂದಿ ಇದ್ದರು? ಬೆಂಗಳೂರಿನ ಸ್ಟುಡಿಯೊದಲ್ಲಿ ಬೆಂಗಳೂರಿನವರು, ಮುಂಬೈಯ ಸ್ಟುಡಿಯೊದಲ್ಲಿ ಮುಂಬೈಯವರು. ಆ ಕಡೆಯ ಹಳ್ಳಿಗಳವರು ಕರ್ನಾಟಕಕ್ಕೆ ಹೋಗುತ್ತೇವೆ ಎಂದದ್ದು ರಸ್ತೆ ಇಲ್ಲ, ನೀರಿಲ್ಲ ಎಂಬ ಸಿಟ್ಟಿನಿಂದ. ಆ ಸಿಟ್ಟು ಟಿವಿಯೊಳಗೆ ಹೋಗಿ ಹೊರಬರುವಾಗ ಭಾಷೆಯ ಯುದ್ಧವಾಗಿತ್ತು. ಡಿಸೆಂಬರ್ 14ರಂದು ದಿಲ್ಲಿಯಲ್ಲಿ ಎರಡೂ ಮುಖ್ಯಮಂತ್ರಿಗಳನ್ನು ಕೂರಿಸಿಕೊಂಡು ಸಭೆ ಮಾಡಿದ ಕೇಂದ್ರ ಗೃಹ ಸಚಿವ ಅಮಿತ್ ಶಾ, ದೊಡ್ಡ ನಾಯಕರ ಹೆಸರಿನ ನಕಲಿ ಟ್ವಿಟರ್ ಖಾತೆಗಳೂ ಈ ಜಗಳಕ್ಕೆ ತುಪ್ಪ ಸುರಿದಿವೆ, ಅವುಗಳ ಮೇಲೆ ಕೇಸು ಹಾಕುತ್ತೇವೆ ಎಂದರು. ಒಂದು ಪ್ರದೇಶದ ಸುದ್ದಿಯನ್ನು ಪರೀಕ್ಷಿಸಿ ಹೇಳುವವರು ಆ ಪ್ರದೇಶದಲ್ಲೇ ಇಲ್ಲದಿದ್ದರೆ ನಕಲಿ ಖಾತೆಗಳಿಗೆ ಅಷ್ಟು ಬಲ ಬರುತ್ತದೆ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ಪ್ರತಿವರ್ಷ ಡಿಗ್ರಿ ಫಲಿತಾಂಶ ಬರುತ್ತಿದ್ದಂತೆ ಮಾಧ್ಯಮ ಕೋರ್ಸುಗಳ ಜಾಹೀರಾತು ಶುರುವಾಗುತ್ತದೆ. ಆಂಕರ್ ಆಗಿ, ಆರ್‌ಜೆ ಆಗಿ, ಕ್ಯಾಮೆರಾ ಹಿಡಿಯಿರಿ ಎಂಬ ಬಣ್ಣದ ಪೋಸ್ಟರುಗಳು. ಗಡಿ ಜಿಲ್ಲೆಯ ಹುಡುಗ ಹುಡುಗಿಯರು ಆ ಪೋಸ್ಟರ್ ನೋಡಿ ಪುಣೆಗೋ ಬೆಂಗಳೂರಿಗೋ ಹೋಗುತ್ತಾರೆ, ಅಲ್ಲಿನವರ ಭಾಷೆ ಕಲಿಯುತ್ತಾರೆ, ಅಲ್ಲೇ ಉಳಿಯುತ್ತಾರೆ. ಇಲ್ಲವಾದರೆ ಎರಡು ವರ್ಷ ಓದಿ ಬೇರೇನೋ ಕೆಲಸಕ್ಕೆ ಸೇರುತ್ತಾರೆ. ಅವರ ಊರಿಗೆ ಎರಡರಿಂದಲೂ ಲಾಭವಿಲ್ಲ. ಸೊಲ್ಲಾಪುರದಂಥ ಊರಿನಲ್ಲಿ ವಿಶ್ವವಿದ್ಯಾಲಯ ತಯಾರು ಮಾಡಬೇಕಾದದ್ದು ಮೈಕಿನ ಮುಂದೆ ಕೂರುವವರನ್ನು ಮಾತ್ರವಲ್ಲ. ಎರಡು ಭಾಷೆಯಲ್ಲಿ ಸುದ್ದಿ ಹೇಳಬಲ್ಲ, ಜೊತೆಗೆ ಒಂದು ಸಣ್ಣ ನಿಲಯವನ್ನು ಲೆಕ್ಕಪತ್ರ ಸಮೇತ ನಡೆಸಬಲ್ಲ ಜನ ಅಲ್ಲಿಗೆ ಬೇಕು. ಇದು ಕರಾವಳಿಯ ನಮಗೂ ಸಂಬಂಧಪಟ್ಟ ಮಾತು. ಅದು ಮುಂದೆ ಬರುತ್ತದೆ.

ನಾಲ್ಕು ಭಾಷೆಯ ಊರು

ಸೊಲ್ಲಾಪುರವೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಚಾದರ. ವಚನಕಾರ ಸಿದ್ಧರಾಮರ ಸೊನ್ನಲಿಗೆಯೂ ಅದೇ. ಅಲ್ಲಿ ಮರಾಠಿ, ಕನ್ನಡ ಎರಡೂ ಇವೆ. ಮಗ್ಗದ ಕೆಲಸಕ್ಕೆ ಬಂದು ನೆಲೆಸಿದ ಪದ್ಮಶಾಲಿ ಸಮುದಾಯದಿಂದಾಗಿ ತೆಲುಗು ಇದೆ. ಮುಸ್ಲಿಮ್ ಮೊಹಲ್ಲಾಗಳಲ್ಲಿ ದಖ್ಖನಿ ಉರ್ದು ಇದೆ. ದಕ್ಷಿಣ ಸೊಲ್ಲಾಪುರ ಮತ್ತು ಅಕ್ಕಲಕೋಟೆ ತಾಲೂಕುಗಳಲ್ಲಿ ಕನ್ನಡ ಎಷ್ಟು ಗಟ್ಟಿ ಎಂದರೆ, 1967ರಲ್ಲಿ ವರದಿ ಕೊಟ್ಟ ಮಹಾಜನ್ ಆಯೋಗ ದಕ್ಷಿಣ ಸೊಲ್ಲಾಪುರ ಮತ್ತು ಅಕ್ಕಲಕೋಟೆ ಕರ್ನಾಟಕಕ್ಕೆ ಸೇರಬೇಕು ಎಂದಿತ್ತು. ಅದೇ ವರದಿ ಕಾಸರಗೋಡಿನ ಚಂದ್ರಗಿರಿ ಹೊಳೆಯ ಉತ್ತರ ಭಾಗದ ಬಗ್ಗೆಯೂ ಹಾಗೇ ಹೇಳಿತ್ತು ಎಂಬುದು ನಮ್ಮ ಓದುಗರಿಗೆ ಗೊತ್ತು. ಎರಡೂ ಆಗಲಿಲ್ಲ. ಗಡಿ ಎಲ್ಲಿ ಇರಬೇಕು ಎಂಬುದು ಈ ಲೇಖನದ ಪ್ರಶ್ನೆಯಲ್ಲ. ಗಡಿ ಇದ್ದಲ್ಲೇ ಇರಲಿ, ಅಲ್ಲಿ ಬದುಕುವವರಿಗೆ ತಮ್ಮ ಭಾಷೆಯಲ್ಲಿ ಸುದ್ದಿ, ಮಾಹಿತಿ ಸಿಗಬೇಕೋ ಬೇಡವೋ?

1950ರಲ್ಲಿ ಎಂ.ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಸೊಲ್ಲಾಪುರದಲ್ಲಿ. 1974ರ ಮಂಡ್ಯ ಸಮ್ಮೇಳನದ ಅಧ್ಯಕ್ಷೆಯಾಗಿ, ಆ ಪೀಠಕ್ಕೇರಿದ ಮೊದಲ ಮಹಿಳೆಯಾದ ಜಯದೇವಿತಾಯಿ ಲಿಗಾಡೆ ಸೊಲ್ಲಾಪುರದವರು. ಪತ್ರಿಕೋದ್ಯಮದ ಮಟ್ಟಿಗೆ ಆ ಊರಿಗೆ ಇನ್ನೂ ದೊಡ್ಡ ಹೆಸರೊಂದಿದೆ. 1930ರಲ್ಲಿ ಸೊಲ್ಲಾಪುರದ ಜನ ಬ್ರಿಟಿಷರ ವಿರುದ್ಧ ಎದ್ದು ನಿಂತಾಗ ಅಲ್ಲಿ ಮಾರ್ಷಲ್ ಲಾ ಹೇರಲಾಯಿತು. 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು: ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರ್ಡಾ, ಜಗನ್ನಾಥ ಶಿಂದೆ ಮತ್ತು ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್. ಇವರಲ್ಲಿ ಕುರ್ಬಾನ್ ಹುಸೇನ್ 'ಗಜನ್ಫರ್' ಪತ್ರಿಕೆಯ ಸಂಪಾದಕ. ಆಗಿನ್ನೂ ಇಪ್ಪತ್ತರ ಆಸುಪಾಸಿನ ಯುವಕ. ಇಂದಿನ ಲೆಕ್ಕದಲ್ಲಿ ಡಿಗ್ರಿ ಮುಗಿಸುವ ವಯಸ್ಸು. ಸೊಲ್ಲಾಪುರದ ನಾಲ್ವರು ಹುತಾತ್ಮರ ಹೆಸರನ್ನು ಒಟ್ಟಿಗೇ ಹೇಳುವ ರೂಢಿ ಅಲ್ಲಿ ಇಂದಿಗೂ ಇದೆ. ಮಾಧ್ಯಮ ವಿದ್ಯಾರ್ಥಿಗಳಿಗೆ ಅಮೆರಿಕದ ಸಂಪಾದಕರ ಕಥೆ ಹೇಳುವ ಮೊದಲು ಹೇಳಬೇಕಾದ ಕಥೆ ಇದು.

ವಿಶ್ವವಿದ್ಯಾಲಯ ಇದೆ, ಮುಂದೇನು?

ಮೊದಲು ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಕೆಳಗಿದ್ದ ಸೊಲ್ಲಾಪುರದ ಕಾಲೇಜುಗಳಿಗೆ 2004ರ ಆಗಸ್ಟ್ 1ರಂದು ಸ್ವಂತ ವಿಶ್ವವಿದ್ಯಾಲಯ ಬಂತು. ಒಂದೇ ಜಿಲ್ಲೆಗಾಗಿ ಮಾಡಿದ ವಿಶ್ವವಿದ್ಯಾಲಯ. 2019ರಿಂದ ಅದರ ಹೆಸರು ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳ್ಕರ್ ಸೊಲ್ಲಾಪುರ ವಿಶ್ವವಿದ್ಯಾಲಯ. ಅಲ್ಲಿ ಸಮೂಹ ಸಂವಹನ ವಿಭಾಗವಿದೆ. ನಗರದಲ್ಲಿ ಆಕಾಶವಾಣಿಯ ಸೊಲ್ಲಾಪುರ ಕೇಂದ್ರವಿದೆ, ಖಾಸಗಿ ಎಫ್ಎಂ ಇದೆ, ಮರಾಠಿ ದಿನಪತ್ರಿಕೆಗಳ ಕಚೇರಿಗಳಿವೆ. ಸುಮಾರು 100 ಕಿಲೋಮೀಟರ್ ದೂರದ ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗವಿದೆ. ಅಷ್ಟೇ ದೂರದ ಕಲಬುರಗಿಯಲ್ಲೂ ಪತ್ರಿಕೋದ್ಯಮ ವಿಭಾಗವಿದೆ, 1966ರಿಂದ ಆಕಾಶವಾಣಿ ಕೇಂದ್ರವಿದೆ. ಸಲಕರಣೆ, ಸಂಸ್ಥೆಗಳ ಕೊರತೆ ಇದೆ ಎನ್ನುವ ಹಾಗಿಲ್ಲ.

ಕೊರತೆ ಇರುವುದು ಕಲಿಸುವ ಕ್ರಮದಲ್ಲಿ. ಇದು ಒಂದು ವಿಶ್ವವಿದ್ಯಾಲಯದ ಮೇಲಿನ ದೂರಲ್ಲ. ನಮ್ಮ ಕಡೆಯದನ್ನೂ ಸೇರಿಸಿ ಬಹುತೇಕ ಮಾಧ್ಯಮ ವಿಭಾಗಗಳ ಪಾಡು. ಸಂವಹನ ಸಿದ್ಧಾಂತಗಳು, ಪತ್ರಿಕೋದ್ಯಮದ ಇತಿಹಾಸ, ಒಂದಿಷ್ಟು ವರದಿಗಾರಿಕೆ, ಕೊನೆಗೊಂದು ಪ್ರಬಂಧ. ಮಾಧ್ಯಮ ನಿರ್ವಹಣೆ ಎಂಬುದು ಒಂದು ಪೇಪರ್. ಅದರಲ್ಲಿ ಸಂಸ್ಥೆಯ ರಚನೆಯ ಚಿತ್ರ ಬರೆದರೆ ಅಂಕ ಸಿಗುತ್ತದೆ. ಆದರೆ ಒಂದು ನಿಲಯದ ತಿಂಗಳ ಕರೆಂಟ್ ಬಿಲ್ ಎಷ್ಟು, ಹಾಡು ಹಾಕಲು ಯಾರಿಗೆ ಹಣ ಕಟ್ಟಬೇಕು, ಜಾಹೀರಾತು ತಂದವನಿಗೆ ಕಮಿಷನ್ ಹೇಗೆ, ಪರವಾನಿಗೆ ಮುಗಿಯುವ ಮೊದಲು ಯಾವ ಅರ್ಜಿ ಹಾಕಬೇಕು ಎಂದು ಕೇಳಿದರೆ ಚಿನ್ನದ ಪದಕದವರೂ ತಬ್ಬಿಬ್ಬಾಗುತ್ತಾರೆ.

ಇನ್ನು ಭಾಷೆ. ಅಕ್ಕಲಕೋಟೆ ತಾಲೂಕಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. 2020ರ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಅಂದರೆ ಆ ಮಕ್ಕಳು ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ಕಲಿತೇ ಮೇಲೆ ಬರುತ್ತಾರೆ. ಮುಸ್ಲಿಮ್ ಮಕ್ಕಳಾದರೆ ಮನೆಯಲ್ಲಿ ದಖ್ಖನಿ. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಎಂದು ಬೆಳೆದ ನಮ್ಮ ಮಕ್ಕಳ ಹಾಗೆಯೇ. ಪ್ರಸಾರದ ಉದ್ಯಮದಲ್ಲಿ ಇದು ಬಂಡವಾಳ. ಆದರೆ ಕಾಲೇಜಿನಲ್ಲಿ ಇದನ್ನು ತೊಡಕು ಎಂದೇ ನೋಡುತ್ತಾರೆ. ಉಚ್ಚಾರ ಸರಿಯಿಲ್ಲ, ಮರಾಠಿ ಬೆರೆತಿದೆ, ಇದು ಶುದ್ಧ ಕನ್ನಡ ಅಲ್ಲ ಎಂಬ ಮಾತು.

ಒಂದು ಉದಾಹರಣೆ ನೋಡಿ. ಅಕ್ಕಲಕೋಟೆಯ ಕನ್ನಡ ರೈತ ತನ್ನ ಜಮೀನಿನ ದಾಖಲೆಯನ್ನು 'ಸಾತಬಾರಾ' ಎನ್ನುತ್ತಾನೆ. ಆಚೆ ಅಫಜಲಪುರದ ರೈತನಿಗೆ ಅದು 'ಪಹಣಿ'. ಇಲ್ಲಿ 'ತಲಾಠಿ', ಅಲ್ಲಿ 'ಗ್ರಾಮ ಲೆಕ್ಕಿಗ'. ಇಲ್ಲಿ ಜಿಲ್ಲಾ ಪರಿಷದ್, ಅಲ್ಲಿ ಜಿಲ್ಲಾ ಪಂಚಾಯತ್. ಬೆಂಗಳೂರಿನಲ್ಲಿ ತರಬೇತಿ ಪಡೆದವರು ಅಕ್ಕಲಕೋಟೆಯವರಿಗಾಗಿ ಪಹಣಿಯ ಬಗ್ಗೆ ಅರ್ಧ ಗಂಟೆ ಕಾರ್ಯಕ್ರಮ ಮಾಡಿದರೂ ಅದು ಕೇಳುವವರ ಕಿವಿಗೆ ತಲುಪುವುದಿಲ್ಲ. ಎರಡೂ ಪದ ಗೊತ್ತಿದ್ದು, ಎರಡು ಸರಕಾರಗಳ ವ್ಯವಸ್ಥೆಯ ವ್ಯತ್ಯಾಸವೂ ಗೊತ್ತಿರುವವರು ಆ ಊರಿನ ಹುಡುಗ ಹುಡುಗಿಯರು ಮಾತ್ರ.

ಭೀಮಾ ನದಿಗೆ ಗಡಿ ಗೊತ್ತಿಲ್ಲ

ಇದು ಬರೀ ಭಾಷಾಭಿಮಾನದ ಮಾತು ಎಂದುಕೊಳ್ಳಬೇಡಿ. ಭೀಮಾ ನದಿಗೆ ಕಟ್ಟಿದ ಉಜನಿ ಅಣೆಕಟ್ಟು ಸೊಲ್ಲಾಪುರ ಜಿಲ್ಲೆಯಲ್ಲಿದೆ. ಅಲ್ಲಿಂದ ಬಿಟ್ಟ ನೀರು ಪಂಢರಪುರ ದಾಟಿ, ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆಯ ಹೊಳೆಸಾಲಿಗೆ ಬರುತ್ತದೆ. ಆಚೆ ದಡದಲ್ಲಿ ವಿಜಯಪುರದ ಇಂಡಿ, ಕಲಬುರಗಿಯ ಅಫಜಲಪುರ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಎರಡೂ ಕಡೆ ಹಳ್ಳಿಗಳು ಮುಳುಗಿದವು. 2025ರ ಸೆಪ್ಟೆಂಬರ್‌ನಲ್ಲಿ ಸೀನಾ ಮತ್ತು ಭೀಮಾ ಎರಡೂ ಉಕ್ಕಿ ಮತ್ತೆ ಅದೇ ಗೋಳು.

ಉಜನಿಯಿಂದ ಎಷ್ಟು ಕ್ಯೂಸೆಕ್ ನೀರು ಬಿಟ್ಟರು ಎಂಬ ಪ್ರಕಟಣೆ ಸೊಲ್ಲಾಪುರದ ಕಚೇರಿಯಿಂದ ಮರಾಠಿಯಲ್ಲಿ ಹೊರಡುತ್ತದೆ. ಅದು ಎಷ್ಟು ಗಂಟೆಯಲ್ಲಿ ಯಾವ ಹಳ್ಳಿ ತಲುಪುತ್ತದೆ, ದನ ಕರು ಬಿಚ್ಚಬೇಕೋ, ಪಂಪ್‌ಸೆಟ್ ಎತ್ತಬೇಕೋ ಎಂಬುದು ಕನ್ನಡದಲ್ಲಿ ಬೇಕು. ದೊಡ್ಡ ಚಾನೆಲ್‌ಗೆ ಅದು ಸುದ್ದಿಯಾಗುವುದು ಹಳ್ಳಿ ಮುಳುಗಿದ ಮೇಲೆ. ಈ ನಡುವಿನ ಹೊತ್ತಿನಲ್ಲಿ ವಾಟ್ಸ್ಆ್ಯಪ್‌ನಲ್ಲಿ ಡ್ಯಾಮ್ ಒಡೆದಿದೆ ಎಂಬ ಹಳೆಯ ವೀಡಿಯೊ ಓಡಾಡಲು ಸಮಯ ಬೇಕಿಲ್ಲ. ಎರಡು ಭಾಷೆ ಬಲ್ಲ, ನೀರಾವರಿ ಕಚೇರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಲು ಕಲಿತ ಹತ್ತು ವಿದ್ಯಾರ್ಥಿಗಳು ಒಂದು ಸಣ್ಣ ಪ್ರಸಾರ ಕೋಣೆಯಲ್ಲಿ ಇದ್ದರೆ ಆ ಹೊತ್ತಿಗೆ ಅವರ ಬೆಲೆ ಬೆಂಗಳೂರಿನ ಯಾವ ಸ್ಟಾರ್ ಆಂಕರ್‌ಗಿಂತಲೂ ಹೆಚ್ಚು.

ಕೆಲಸ ಎಲ್ಲಿದೆ?

ತಂದೆ ತಾಯಿ ಕೇಳುವ ಪ್ರಶ್ನೆ ಒಂದೇ: ಓದಿದರೆ ಕೆಲಸ ಸಿಗ್ತದಾ? ಇದಕ್ಕೆ ಸಿಹಿ ಲೇಪಿಸಿದ ಉತ್ತರ ಕೊಡಬಾರದು.

ಆಕಾಶವಾಣಿಯಲ್ಲಿ ಕಾಯಂ ಉದ್ಘೋಷಕರ ಹುದ್ದೆ ಎಂಬುದು ಈಗ ಹೆಚ್ಚುಕಡಿಮೆ ನೆನಪು. ಸ್ಥಳೀಯ ನಿಲಯಗಳು ನಡೆಯುವುದು ತಿಂಗಳಿಗೆ ಕೆಲವೇ ಡ್ಯೂಟಿ ಸಿಗುವ ಕ್ಯಾಶುಯಲ್ ಉದ್ಘೋಷಕರಿಂದ. 2023ರ ಜೂನ್‌ನಲ್ಲಿ ಪುಣೆ ಆಕಾಶವಾಣಿಯ ಪ್ರಾದೇಶಿಕ ಸುದ್ದಿ ವಿಭಾಗವನ್ನೇ ಮುಚ್ಚುವ ಆದೇಶ ಬಂದಿತ್ತು. ಜನ ದನಿಯೆತ್ತಿದ ಮೇಲೆ ತಡೆಹಿಡಿಯಲಾಯಿತು. ಪುಣೆಯಂಥ ಪುಣೆಗೇ ಈ ಗತಿ ಎಂದ ಮೇಲೆ ಸಣ್ಣ ಕೇಂದ್ರಗಳ ಮಾತೇನು? ಖಾಸಗಿ ಎಫ್ಎಂಗಳು ಸ್ವಂತ ಸುದ್ದಿ ಪ್ರಸಾರ ಮಾಡುವ ಹಾಗಿಲ್ಲ. ಆಕಾಶವಾಣಿಯ ವಾರ್ತೆಯನ್ನು ಬದಲಿಸದೆ ಹಾಕಬಹುದಷ್ಟೆ. ಹಾಗಾಗಿ ಅಲ್ಲಿ ಪತ್ರಕರ್ತರಿಗೆ ಜಾಗವಿಲ್ಲ, ಮಾತುಗಾರರಿಗೆ ಮತ್ತು ಜಾಹೀರಾತು ತರುವವರಿಗೆ ಜಾಗ. ಟಿವಿ ಚಾನೆಲ್‌ಗಳಿಗೆ ಜಿಲ್ಲೆಯಲ್ಲಿ ಬೇಕಾದದ್ದು ಸ್ಟ್ರಿಂಜರ್. ವೀಡಿಯೊ ಪ್ರಸಾರವಾದರೆ ಹಣ, ಇಲ್ಲವಾದರೆ ಪೆಟ್ರೋಲ್ ಖರ್ಚೂ ಕೈಯಿಂದ.

ಇದರ ಮೇಲೆ ಯಂತ್ರವೂ ಬಂದಿದೆ. 2023ರಲ್ಲಿ ಕನ್ನಡದ ಪವರ್ ಟಿವಿ 'ಸೌಂದರ್ಯ' ಎಂಬ ಕೃತಕ ಬುದ್ಧಿಮತ್ತೆಯ ಆಂಕರ್ ತಂದಿತು. 2024ರ ಮೇ ತಿಂಗಳಲ್ಲಿ ಡಿಡಿ ಕಿಸಾನ್ ಎರಡು ಯಂತ್ರ ನಿರೂಪಕರನ್ನು ಕೂರಿಸಿತು. ಬರೆದುಕೊಟ್ಟದ್ದನ್ನು ಓದುವುದೇ ನಿಮ್ಮ ವಿದ್ಯೆಯಾದರೆ ಆ ವಿದ್ಯೆಯನ್ನು ಯಂತ್ರ ಕಲಿತಾಗಿದೆ. ಆದರೆ ತಲಾಠಿ ಕಚೇರಿಗೆ ಹೋಗಿ ಸುಳ್ಳು ನಿಜ ತಿಳಿದುಕೊಂಡು ಬರುವುದು, ಅದನ್ನು ಎರಡು ಭಾಷೆಯಲ್ಲಿ ಊರವರಿಗೆ ಅರ್ಥವಾಗುವ ಹಾಗೆ ಹೇಳುವುದು, ಜನ ಬಯ್ದಾಗ ಉತ್ತರ ಕೊಡುವುದು ಯಂತ್ರದಿಂದ ಆಗುವ ಕೆಲಸವಲ್ಲ.

ಹಾಗಾದರೆ ಉಳಿದ ದಾರಿ ಯೂಟ್ಯೂಬ್ ಎನ್ನುತ್ತಾರೆ. ತಾಲೂಕು ಕೇಂದ್ರಗಳಲ್ಲಿ ಈಗ ಲೋಗೊ ಅಂಟಿಸಿದ ಮೈಕ್ ಹಿಡಿದವರಿಗೆ ಬರವಿಲ್ಲ. ಜಾಹೀರಾತಿನಲ್ಲಿ ಪಾಲು ಸಿಗಬೇಕಾದರೆ 1,000 ಚಂದಾದಾರರು, ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ ಆಗಬೇಕು. ಅದು ದಾಟಿದ ಮೇಲೆ ಬರುವ ಹಣ ನೋಡುವವರ ಸಂಖ್ಯೆಯ ಮೇಲೆ. ಅಕ್ಕಲಕೋಟೆಯ ನೀರಿನ ಟ್ಯಾಂಕರ್ ಸುದ್ದಿಗೆ ಎಷ್ಟು ಲಕ್ಷ ಜನ ನೋಡುವವರು? ಹಾಗಾಗಿ ಬೇಗ ಜನ ಸೇರಿಸಲು ಎರಡು ಧರ್ಮದ ಜಗಳವೋ, ಎರಡು ಭಾಷೆಯ ಜಗಳವೋ ಬೇಕಾಗುತ್ತದೆ. ದ್ವೇಷಕ್ಕೆ ವೀಕ್ಷಕರು ಸುಲಭವಾಗಿ ಸಿಗುತ್ತಾರೆ ಎಂಬುದು ಕರಾವಳಿಯವರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಒಳ್ಳೆಯ ಹುಡುಗರೂ ದಾರಿ ತಪ್ಪುವುದು ಎಷ್ಟೋ ಸಲ ಬಾಡಿಗೆ ಕಟ್ಟಲಾಗದೆ. ಮಾಧ್ಯಮದ ನೀತಿ ಪಾಠಕ್ಕೂ ಮಾಧ್ಯಮದ ಲೆಕ್ಕದ ಪಾಠಕ್ಕೂ ಇರುವ ನಂಟು ಇದೇ.

ಲೆಕ್ಕ ಕಲಿಸದೆ ಮಾಧ್ಯಮ ಕಲಿಸಿದರೆ

ಸಮುದಾಯ ಬಾನುಲಿಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಶಿಕ್ಷಣ ಸಂಸ್ಥೆಗಳಿಗೆ ಸಣ್ಣ ರೇಡಿಯೊ ನಿಲಯ ನಡೆಸಲು ಕೇಂದ್ರ ಸರಕಾರ 2002ರಲ್ಲೇ ಅವಕಾಶ ಕೊಟ್ಟಿತು. 2004ರಲ್ಲಿ ಚೆನ್ನೈಯ ಅಣ್ಣಾ ವಿಶ್ವವಿದ್ಯಾಲಯ ಮೊದಲ ನಿಲಯ ಶುರುಮಾಡಿತು. 2006ರಲ್ಲಿ ಸೇವಾ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. 100 ವ್ಯಾಟ್ ಶಕ್ತಿ, ಸುಮಾರು ಹತ್ತು ಹನ್ನೆರಡು ಕಿಲೋಮೀಟರ್ ವ್ಯಾಪ್ತಿ. ಅಕ್ಕಲಕೋಟೆ ಪಟ್ಟಣ ಮತ್ತು ಸುತ್ತಲಿನ ಹಳ್ಳಿಗಳಿಗೆ ಸಾಕು.

2024ರ ಫೆಬ್ರವರಿಯಲ್ಲಿ ಸರಕಾರ ನಿಯಮ ಬದಲಿಸಿತು. ಗಂಟೆಗೆ 7 ನಿಮಿಷ ಇದ್ದ ಜಾಹೀರಾತಿನ ಮಿತಿ 12 ನಿಮಿಷ ಆಯಿತು. ಸರಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 52 ರೂಪಾಯಿಯಿಂದ 74ಕ್ಕೆ ಏರಿತು. ಕಾಗದದ ಮೇಲೆ ಲೆಕ್ಕ ಹಾಕಿ: 12 ನಿಮಿಷ ಎಂದರೆ 10 ಸೆಕೆಂಡಿನ 72 ಜಾಹೀರಾತು. ಒಂದು ಗಂಟೆಗೆ 5,328 ರೂಪಾಯಿ. ದಿನಕ್ಕೆ 8 ಗಂಟೆ ಪ್ರಸಾರವಾದರೆ 42,624. ಕೇಳಲು ಎಷ್ಟು ಚಂದ! ಆದರೆ ಗಂಟೆಗೆ ಎರಡೇ ಜಾಹೀರಾತು ಸಿಕ್ಕರೆ ದಿನಕ್ಕೆ 1,184, ತಿಂಗಳಿಗೆ 35,520 ರೂಪಾಯಿ. ಇದರಲ್ಲಿ ಇಬ್ಬರ ಸಂಬಳ, ಕರೆಂಟು, ಟ್ರಾನ್ಸ್‌ಮಿಟರ್ ರಿಪೇರಿ, ಹಾಡಿನ ಹಕ್ಕಿನ ಶುಲ್ಕ ಎಲ್ಲ ಆಗಬೇಕು. ಆಗುವುದಿಲ್ಲ. ಹಾಗಾದರೆ ಉಳಿದ ಹಣ ಎಲ್ಲಿಂದ? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಮಾಧ್ಯಮ ನಿರ್ವಹಣೆ.

ಉತ್ತರ ಆ ಊರಿನಲ್ಲೇ ಇದೆ. ಸ್ವಾಮಿ ಸಮರ್ಥರ ಮಠಕ್ಕೆ ಅಕ್ಕಲಕೋಟೆಗೆ ವರ್ಷವಿಡೀ ಯಾತ್ರಿಗಳು ಬರುತ್ತಾರೆ, ಅಲ್ಲಿಂದ ಗಾಣಗಾಪುರಕ್ಕೆ ಹೋಗುತ್ತಾರೆ. ಲಾಡ್ಜು, ಖಾನಾವಳಿ, ಟ್ಯಾಕ್ಸಿಯವರಿದ್ದಾರೆ. ಬೀಜ ಗೊಬ್ಬರದ ಅಂಗಡಿ, ಬೇಳೆಕಾಳಿನ ವ್ಯಾಪಾರಿಗಳು, ಸೊಲ್ಲಾಪುರದ ಚಾದರ ಅಂಗಡಿಗಳು, ಆಸ್ಪತ್ರೆಗಳು, ಕೋಚಿಂಗ್ ಸೆಂಟರ್‌ಗಳಿವೆ. ಇವರು ಬೆಂಗಳೂರು ಮುಂಬೈಯ ಚಾನೆಲ್‌ಗೆ ಜಾಹೀರಾತು ಕೊಡುವವರಲ್ಲ. ಹತ್ತು ಕಿಲೋಮೀಟರ್ ವ್ಯಾಪ್ತಿಯ ರೇಡಿಯೊಗೆ ಕೊಡಬಹುದು, ಹೋಗಿ ಕೇಳಿದರೆ. ಕೇಳಲು ಹೋಗುವವರಿಗೆ ಮರಾಠಿ, ಕನ್ನಡ ಎರಡೂ ಬರಬೇಕು, ದರಪಟ್ಟಿ ಕೈಯಲ್ಲಿರಬೇಕು, ರಸೀದಿ ಕೊಡಬೇಕು. ಒಂದು ಸೆಮಿಸ್ಟರ್ ಪೂರ್ತಿ ಇದನ್ನು ಮಾಡಿಸಿದರೆ ಪಠ್ಯದ ನೂರು ಪುಟ ಕಲಿಸದ್ದನ್ನು ಕಲಿಯುತ್ತಾರೆ. ಅವರಲ್ಲಿ ಅರ್ಧ ಮಂದಿ ಮುಂದೆ ಮಾಧ್ಯಮಕ್ಕೇ ಬರದೆ ಹೋದರೂ ಕೈಗೊಂದು ವೃತ್ತಿ ಇರುತ್ತದೆ.

ಕಾನೂನಿನ ಪಾಠವೂ ಹೀಗೆಯೇ ಆಗಬೇಕು. ಸಮುದಾಯ ಬಾನುಲಿ ಸ್ವಂತ ಸುದ್ದಿ ಪ್ರಸಾರ ಮಾಡುವ ಹಾಗಿಲ್ಲ ಎಂಬುದು ನಿಜ. ಆದರೆ ಹವಾಮಾನ, ಸಂಚಾರ, ಪರೀಕ್ಷೆ, ಫಲಿತಾಂಶ, ಉದ್ಯೋಗ, ನೀರು ವಿದ್ಯುತ್ ಪೂರೈಕೆ, ಪ್ರಕೃತಿ ವಿಕೋಪ, ಆರೋಗ್ಯದ ಎಚ್ಚರಿಕೆ ಇವು ನಿಯಮದ ಪ್ರಕಾರ 'ಸುದ್ದಿ'ಯ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಉಜನಿಯ ನೀರಿನ ಮಾಹಿತಿಯನ್ನು ಎರಡು ಭಾಷೆಯಲ್ಲಿ ಹೇಳಲು ಕಾನೂನಿನ ಅಡ್ಡಿ ಇಲ್ಲ. ನಿಯಮ ಓದಿದ ವ್ಯವಸ್ಥಾಪಕ ಇದ್ದರೆ ನಿಲಯ ಜನರಿಗೆ ಉಪಯೋಗಕ್ಕೆ ಬರುತ್ತದೆ, ಓದದವನು ಇದ್ದರೆ ಹೆದರಿ ದಿನವಿಡೀ ಹಾಡು ಹಾಕುತ್ತಾನೆ.

ಪರವಾನಿಗೆಯ ಮಹತ್ವ ಏನು ಎಂದು ಕೇಳಿದರೆ ಮಲಯಾಳದ ಮೀಡಿಯಾ ಒನ್ ಚಾನೆಲ್ ಕಥೆ ಹೇಳಬೇಕು. 2022ರ ಜನವರಿ 31ರಂದು ಅದರ ಪ್ರಸಾರ ನಿಂತಿತು. ಭದ್ರತೆಯ ಕಾರಣ ಎಂದರು, ಕಾರಣವನ್ನು ಮುಚ್ಚಿದ ಲಕೋಟೆಯಲ್ಲಿ ಕೋರ್ಟಿಗೆ ಕೊಟ್ಟರು. ಮಾರ್ಚ್ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶದಿಂದ ಪ್ರಸಾರಕ್ಕೆ ಅವಕಾಶ ಕೊಟ್ಟಿತು. 2023ರ ಏಪ್ರಿಲ್ 5ರಂದು ನಿಷೇಧವನ್ನೇ ರದ್ದು ಮಾಡಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಸಂಸ್ಥೆ ಉಳಿದದ್ದು ಕಡತ ಸರಿಯಾಗಿಟ್ಟುಕೊಂಡವರು, ಕಾನೂನು ಬಲ್ಲವರು ಒಳಗೆ ಇದ್ದುದರಿಂದ. ಧೈರ್ಯದ ವರದಿಗಾರನ ಹಿಂದೆ ಜಾಗ್ರತೆಯ ವ್ಯವಸ್ಥಾಪಕ ಇರಲೇಬೇಕು.

ಮೊದಲೇ ಮಾಡಿ ತೋರಿಸಿದವರು

ಇದೆಲ್ಲ ಆಗದ ಹೋಗದ ಮಾತಲ್ಲ. ಕನ್ನಡ ನಾಡಿನಲ್ಲಿ ರೇಡಿಯೊ ಹುಟ್ಟಿದ್ದೇ ವಿಶ್ವವಿದ್ಯಾಲಯದ ಮೇಷ್ಟ್ರೊಬ್ಬರ ಮನೆಯಲ್ಲಿ. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲಿ ಸಣ್ಣದೊಂದು ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಆರಂಭಿಸಿದರು. ಅದರ ಶಕ್ತಿ 30 ವ್ಯಾಟ್. ಇಂದಿನ ಸಮುದಾಯ ಬಾನುಲಿಯ ಮೂರನೇ ಒಂದು ಪಾಲೂ ಇಲ್ಲ. ಮುಂದೆ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ಅಲ್ಲಿ ಬಳಕೆಗೆ ಬಂದ 'ಆಕಾಶವಾಣಿ' ಎಂಬ ಹೆಸರನ್ನೇ ದೇಶ ತೆಗೆದುಕೊಂಡಿತು.

ನಮ್ಮ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜಿನ ರೇಡಿಯೊ ಸಾರಂಗ್ 2009ರಿಂದ ನಡೆಯುತ್ತಿದೆ. ಅದರಲ್ಲಿ ಕನ್ನಡ, ಕೊಂಕಣಿ, ತುಳು ಜೊತೆಗೆ ಬ್ಯಾರಿ ಭಾಷೆಯೂ ಕೇಳಿಬರುತ್ತದೆ. ಮನೆಯ ಮಾತು ರೇಡಿಯೊದಲ್ಲಿ ಬಂದಾಗ ಒಂದು ಸಮುದಾಯದ ಮಕ್ಕಳಿಗೆ ಸಿಗುವ ಆತ್ಮವಿಶ್ವಾಸ ಎಂಥದ್ದು ಎಂಬುದನ್ನು ನಾವು ಕಂಡಿದ್ದೇವೆ. ಸೊಲ್ಲಾಪುರದ ನೆರೆಯ ಸಾತಾರಾ ಜಿಲ್ಲೆಯ ಮ್ಹಸವಾಡದಲ್ಲಿ ಮಾಣದೇಶಿ ಸಂಸ್ಥೆಯ ಮಹಿಳೆಯರು 'ಮಾಣದೇಶಿ ತರಂಗ ವಾಹಿನಿ' ನಡೆಸುತ್ತಿದ್ದಾರೆ. ಅದೂ ಬರದ ಸೀಮೆಯೇ.

ಇನ್ನೊಂದು ಹೆಸರು ಸೊಲ್ಲಾಪುರ ಜಿಲ್ಲೆಯದ್ದೇ. ಕರಮಾಳಾ ತಾಲೂಕಿನ ಜೇವೂರಿನ ನಾಗರಾಜ ಮಂಜುಳೆ ಅಹಮದ್‌ನಗರದ ಕಾಲೇಜೊಂದರಲ್ಲಿ ಸಂವಹನ ಕಲಿಯುವಾಗ ಮಾಡಿದ ಕಿರುಚಿತ್ರ 'ಪಿಸ್ತುಲ್ಯಾ'. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಆಮೇಲೆ 'ಫ್ಯಾಂಡ್ರಿ', 2016ರಲ್ಲಿ 'ಸೈರಾಟ್'. ಆ ಚಿತ್ರಗಳ ಮಾತು ಪುಣೆಯ ಮರಾಠಿ ಅಲ್ಲ, ಕರಮಾಳಾ ಕಡೆಯ ಹಳ್ಳಿಯ ಮರಾಠಿ. ತರಗತಿಯಲ್ಲಿ ತಪ್ಪು ಎನಿಸಿಕೊಳ್ಳುವ ಮಾತೇ ಕೊನೆಗೆ ದೇಶವೆಲ್ಲ ಕೇಳುವ ಮಾತಾಯಿತು. ನಮ್ಮ 'ಬ್ಯಾರಿ' ಸಿನಿಮಾ 2011ರ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯನ್ನು ಹಂಚಿಕೊಂಡದ್ದು ಮರಾಠಿಯ 'ದೇವೂಳ್' ಜೊತೆ ಎಂಬುದನ್ನೂ ಇಲ್ಲಿ ನೆನಪಿಸಿಕೊಳ್ಳಬಹುದು.

ಮಾಡಬೇಕಾದದ್ದು

ಮೊದಲನೆಯದು, ಸೊಲ್ಲಾಪುರ, ಕಲಬುರಗಿ ಮತ್ತು ವಿಜಯಪುರದ ವಿಶ್ವವಿದ್ಯಾಲಯಗಳು ಕೈಜೋಡಿಸಬೇಕು. ಒಂದು ಕಡೆ ಕಲಿತ ಪಾಠದ ಕ್ರೆಡಿಟ್ಟನ್ನು ಇನ್ನೊಂದು ಕಡೆ ಲೆಕ್ಕಕ್ಕೆ ಹಿಡಿಯಲು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ವ್ಯವಸ್ಥೆ 2021ರಿಂದ ಇದೆ. ಸೊಲ್ಲಾಪುರದ ವಿದ್ಯಾರ್ಥಿ ಒಂದು ಸೆಮಿಸ್ಟರ್ ಕನ್ನಡ ಪ್ರಸಾರವನ್ನು ಕಲಬುರಗಿಯಲ್ಲಿ ಕಲಿಯಲಿ, ವಿಜಯಪುರದ ವಿದ್ಯಾರ್ಥಿನಿ ಮರಾಠಿ ವರದಿಗಾರಿಕೆಯನ್ನು ಸೊಲ್ಲಾಪುರದಲ್ಲಿ ಕಲಿಯಲಿ. ಇದಕ್ಕೆ ಗಡಿ ಒಪ್ಪಂದ ಬೇಕಿಲ್ಲ, ಕುಲಪತಿಗಳ ಸಹಿ ಸಾಕು.

ಎರಡನೆಯದು, ತರಬೇತಿಯ ಕಾಲದಲ್ಲಿ ಹಣ ಕೊಡಬೇಕು. ಸೊಲ್ಲಾಪುರದಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸುವ ಸಾವಿರಾರು ತಾಯಂದಿರಿದ್ದಾರೆ. ಆರು ತಿಂಗಳು ಸಂಬಳವಿಲ್ಲದೆ ಇಂಟರ್ನ್‌ಶಿಪ್ ಮಾಡು ಎಂದರೆ ಆ ಮನೆಯ ಮಗಳು ಬರಲಾರಳು. ಬರುವವರು ಅಪ್ಪನಿಗೆ ಆಸ್ತಿ ಇರುವವರು. ಸುದ್ದಿಮನೆಗಳಲ್ಲಿ ಬಡವರ ಮಕ್ಕಳಿಲ್ಲ, ದಲಿತರಿಲ್ಲ, ಮುಸ್ಲಿಮರಿಲ್ಲ ಎಂದು ನಾವು ವರ್ಷಕ್ಕೊಮ್ಮೆ ದುಃಖಿಸುವುದಕ್ಕಿಂತ ಈ ಒಂದು ಬಾಗಿಲನ್ನು ಸರಿಮಾಡುವುದು ಲೇಸು. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಗಡಿಯಾಚೆಯ ಕನ್ನಡ ಚಟುವಟಿಕೆಗೆ ನೆರವು ಕೊಡುತ್ತದೆ. ಆ ಹಣ ಸನ್ಮಾನ, ಶಾಲು, ಫಲಕಕ್ಕೆ ಹೋಗುವ ಬದಲು ಹತ್ತು ವಿದ್ಯಾರ್ಥಿಗಳ ತಿಂಗಳ ಭತ್ಯೆಗೆ ಹೋದರೆ ಕನ್ನಡಕ್ಕೂ ಒಳ್ಳೆಯದು.

ಮೂರನೆಯದು ನಮ್ಮ ಸಮುದಾಯಕ್ಕೆ. 2020ರಲ್ಲಿ ತಬ್ಲೀಗ್ ಹೆಸರಿನಲ್ಲಿ ಚಾನೆಲ್‌ಗಳು ನಡೆಸಿದ್ದು ಪ್ರಚಾರದ ಅಬ್ಬರ ಎಂದು ಅದೇ ವರ್ಷ ಆಗಸ್ಟ್ 21ರಂದು ಹೇಳಿದ್ದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ. ತೀರ್ಪು ಬಂತು. ಆದರೆ ಅಷ್ಟರಲ್ಲಿ ತಳ್ಳುಗಾಡಿಯ ತರಕಾರಿ ವ್ಯಾಪಾರಿಯ ಹೆಸರು ಕೇಳಿ ಕೊಳ್ಳುವ ಪರಿಸ್ಥಿತಿ ಬಂದಾಗಿತ್ತು. ಆ ಹೊತ್ತಿನಲ್ಲಿ ಸುದ್ದಿಮನೆಯ ಡೆಸ್ಕಿನಲ್ಲಿ, ಜಾಹೀರಾತು ವಿಭಾಗದಲ್ಲಿ, ಕಾನೂನು ಕೋಶದಲ್ಲಿ ಇದು ತಪ್ಪು ಎಂದು ತಡೆಯುವ ನಾಲ್ಕು ಜನ ಯಾವ ಸಮುದಾಯದವರೇ ಇರಲಿ, ಇದ್ದಿದ್ದರೆ ಎಷ್ಟೋ ಅನಾಹುತ ತಪ್ಪುತ್ತಿತ್ತು. ನಮ್ಮಲ್ಲಿ ಮಕ್ಕಳನ್ನು ಎಂಜಿನಿಯರ್, ಡಾಕ್ಟರ್ ಮಾಡಲು ಸ್ಕಾಲರ್‌ಶಿಪ್ ಕೊಡುವ ಸಂಘಗಳಿವೆ, ಸಂತೋಷ. ಪಟ್ಟಿಯಲ್ಲಿ ಪ್ರಸಾರ ಮತ್ತು ಮಾಧ್ಯಮ ನಿರ್ವಹಣೆ ಓದುವ ಒಬ್ಬಿಬ್ಬರಿಗೂ ಜಾಗ ಮಾಡಿ. ಹಾಗೆಯೇ ಗಡಿಯಾಚೆಯ ಕನ್ನಡ ಬಲ್ಲ ಮಕ್ಕಳಿಗೆ ಮಂಗಳೂರಿನ ಮಾಧ್ಯಮ ಸಂಸ್ಥೆಗಳಲ್ಲಿ ಒಂದೆರಡು ತಿಂಗಳು ಕೆಲಸ ಕಲಿಯಲು ಅವಕಾಶ ಕೊಡಿ.

ಭಾಷೆಯ ಬಿಸಿ ಆ ರಾಜ್ಯದಲ್ಲಿ ಇನ್ನೂ ಆರಿಲ್ಲ. ಒಂದನೇ ತರಗತಿಯಿಂದ ಹಿಂದಿ ಕಲಿಸುವ ಆದೇಶ ಹೊರಡಿಸಿದ ಮಹಾರಾಷ್ಟ್ರ ಸರಕಾರ ಮರಾಠಿಗರ ಪ್ರತಿಭಟನೆಗೆ ಮಣಿದು 2025ರ ಜೂನ್ 29ರಂದು ಅದನ್ನು ಹಿಂದಕ್ಕೆ ಪಡೆಯಿತು. ತಮ್ಮ ಭಾಷೆಯ ಮೇಲೆ ಒತ್ತಡ ಬಂದಾಗ ಹೇಗನಿಸುತ್ತದೆ ಎಂಬುದು ಮರಾಠಿ ಬಂಧುಗಳಿಗೆ ಈಗ ಚೆನ್ನಾಗಿ ಗೊತ್ತು. ಅಕ್ಕಲಕೋಟೆಯ ಕನ್ನಡದ ಮಾತನ್ನು ಅವರ ಮುಂದಿಡಲು ಇದು ಒಳ್ಳೆಯ ಕಾಲವೇ. ಅದನ್ನು ಮರಾಠಿಯಲ್ಲೇ, ಸ್ನೇಹದಿಂದ, ಸಾಕ್ಷ್ಯ ಸಮೇತ ಹೇಳಬಲ್ಲವರು ಬೇಕು.

ಮುಂದಿನ ಮಳೆಗಾಲದಲ್ಲೂ ಉಜನಿಯ ಗೇಟು ತೆರೆಯುತ್ತದೆ, ಮುಂದಿನ ಚುನಾವಣೆಯಲ್ಲೂ ಗಡಿಯ ಮಾತು ಏಳುತ್ತದೆ. ಆಗ ಬೆಂಗಳೂರು, ಮುಂಬೈಯ ಸ್ಟುಡಿಯೊಗಳು ಎಂದಿನಂತೆ ಕೂಗಾಡಲಿ. ಅಕ್ಕಲಕೋಟೆಯ ಒಂದು ಕೋಣೆಯಲ್ಲಿ ಊರಿನ ಮಗಳೊಬ್ಬಳು ಮೈಕಿನ ಮುಂದೆ ಕೂತು, ನೀರು ಎಷ್ಟು ಬಂದಿದೆ, ಯಾವ ರಸ್ತೆ ಮುಚ್ಚಿದೆ ಎಂದು ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ ಹೇಳುವಂತಾಗಬೇಕು. ಪಕ್ಕದ ಮೇಜಿನಲ್ಲಿ ಅವಳ ಸಹಪಾಠಿ ಆ ತಿಂಗಳ ಖರ್ಚಿನ ಲೆಕ್ಕ ಬರೆಯುತ್ತಿರಬೇಕು. ವಿಶ್ವವಿದ್ಯಾಲಯದ ಕೋರ್ಸು ಅಷ್ಟನ್ನು ಮಾಡಿಕೊಟ್ಟರೆ ಸಾಕು.